ರಕ್ತ ಕಮ್ಮಿ ಇರುವ ಹುಡುಗಿ

"ಕುಂದ್ರು" ಎನ್ನುವ ಮಾತನ್ನು ನನ್ನಷ್ಟು ಸಲ ಕೇಳಿಸಿಕೊಂಡ ಹೆಣ್ಣುಮಗಳು ಈ ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಬ್ಬಳು ಸಿಗಲಿಕ್ಕಿಲ್ಲ. ಅಮ್ಮ ಹೇಳಿದಳು, ಅಪ್ಪ ಹೇಳಿದರು, ಬಸ್ಸಿನ ಕಂಡಕ್ಟರು ಹೇಳಿದರು, ಜೀನ್ಸ್ ಹೊಲಿಯುವ ಕಡೆ ಮೇಸ್ತ್ರಿ ಹೇಳಿದ, ಡಾಕ್ಟರ ಬಾಗಿಲು ಕಾಯುವವರು ಹೇಳಿದರು. ಕುಳಿತುಕೊಳ್ಳಲು ಆಗದವಳಿಗೆ ದಿನವಿಡೀ ಕುಂದ್ರು ಕುಂದ್ರು ಎಂದರೆ ಮೈಯೆಲ್ಲ ಉರಿಯುತ್ತದೆ. ಈಗ ಕುಳಿತೇ ಬರೆಯುತ್ತಿದ್ದೇನೆ. ಆದರೂ ಯಾರಾದರೂ ಪ್ರೀತಿಯಿಂದ "ಬಾ, ಕುಂದ್ರು" ಎಂದು ಕರೆದರೆ ನನಗೆ ಮೊದಲು ಬರುವುದು ಸಿಟ್ಟೇ.

ನಮ್ಮದು ಕುರುಗೋಡು. ಅಪ್ಪ ಮೆಣಸಿನಕಾಯಿ ವ್ಯಾಪಾರದವರು, ಸುಗ್ಗಿಯಲ್ಲಿ ಮನೆಯಲ್ಲಿ ಇರುವುದೇ ಅಪರೂಪ. ಅಮ್ಮ ಸಿರುಗುಪ್ಪದ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ಅಲ್ಲಿನ ಜನ ನಮಗೆ ನಾಳೆಯೂ ಬೇಕು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು, ಕ್ರಾಸಿನಲ್ಲಿ ಬಸ್ಸು ಬದಲಿಸಿ ಹೋಗುವ ಅಮ್ಮ ಸಂಜೆ ಡೆಟಾಲ್ ವಾಸನೆಯ ಜೊತೆ ಒಂದಿಷ್ಟು ಕಥೆ ಹೊತ್ತುಕೊಂಡು ಬರುತ್ತಿದ್ದಳು. ನಮ್ಮ ಮನೆಯಲ್ಲಿ ಟಿವಿಗಿಂತ ಆ ಕಥೆಗಳೇ ಹೆಚ್ಚು ನಡೆಯುತ್ತಿದ್ದವು.

ಹೆರಿಗೆಯ ಕಥೆ, ಚೇಳು ಕಚ್ಚಿದ ಕಥೆ, ಬತ್ತದ ಗದ್ದೆಯಲ್ಲಿ ಹಾವು ತುಳಿದವನ ಕಥೆ. ಅವುಗಳ ನಡುವೆ "ಮೆಂಟಲ್ ಕೇಸು" ಎಂಬ ಬೇರೆಯೇ ಒಂದು ಬಗೆ ಇತ್ತು. ಕಾಲೇಜು ಓದುವ ಹುಡುಗ ತನ್ನ ಫೋನಿನೊಳಗೆ ಯಾರೋ ಕುಳಿತಿದ್ದಾರೆ ಎಂದು ಅದನ್ನು ಕಾಲುವೆಗೆ ಎಸೆದು ಬಂದದ್ದು, ಹೊಸದಾಗಿ ಮದುವೆಯಾದ ಹುಡುಗಿ ಮೂರು ಹೊತ್ತೂ ಕೈ ತೊಳೆಯುತ್ತಾ ಕೂರುವುದು. "ಏನಿಲ್ಲ, ಮೈಯಾಗ ಕೊಬ್ಬು. ನಾಕ್ ದಿನ ಹೊಲದಾಗ ಕೆಲಸಕ್ಕ ಹಚ್ಚಿದ್ರ ಎಲ್ಲಾ ಇಳಿತೈತಿ," ಎಂದು ಅಮ್ಮ ರೊಟ್ಟಿ ಮುರಿಯುತ್ತಾ ಹೇಳುತ್ತಿದ್ದಳು. ಅವಳು ಕೆಟ್ಟವಳಲ್ಲ. ಹಾವು ಕಚ್ಚಿದವನಿಗಾಗಿ ಊಟ ಬಿಟ್ಟು ಓಡಿದವಳು. ಆದರೆ ಆಸ್ಪತ್ರೆಯಲ್ಲಿ ಎಲ್ಲರೂ ಹಾಗೆ ಮಾತಾಡುತ್ತಿದ್ದರು, ಅವಳೂ ಮಾತಾಡುತ್ತಿದ್ದಳು. ರಕ್ತ ಕಾಣಬೇಕು, ಜ್ವರ ಏರಬೇಕು, ಎಕ್ಸ್‌ರೇದಲ್ಲಿ ಮೂಳೆ ಮುರಿದದ್ದು ಬೆಳ್ಳಗೆ ತೋರಬೇಕು. ಇದ್ಯಾವುದೂ ಇಲ್ಲದ ಕಾಯಿಲೆ ಅವರ ಲೆಕ್ಕಕ್ಕೆ ನಾಟಕ.

ಆಮೇಲೆ ಆ ನಾಟಕ ನಮ್ಮ ಮನೆಗೇ ಬಂತು.

ನಾನು ಬಳ್ಳಾರಿಯಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯ ಹುಡುಗಿಯರು ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂದು ಅನ್ನಿಸತೊಡಗಿತು. ಮೊದಲು ಗುಸುಗುಸು, ಆಮೇಲೆ ಸ್ಪಷ್ಟವಾಗಿ. ಅವರು ಊರಿಗೆ ಹೋದ ಮೇಲೂ, ಆ ಕೋಣೆಗೆ ಬೀಗ ಬಿದ್ದ ಮೇಲೂ ಮಾತು ನಿಲ್ಲಲಿಲ್ಲ. ನಿದ್ದೆ ಹೋಯಿತು, ಊಟ ಹೋಯಿತು. ಒಂದು ದಿನ ಕಿವಿಗೆ ಹತ್ತಿ ತುರುಕಿಕೊಂಡು ತರಗತಿಗೆ ಹೋಗಿ ಕುಳಿತಿದ್ದೆನಂತೆ. ಹಾಸ್ಟೆಲಿನವರು ಫೋನು ಮಾಡಿದರು. ಅಮ್ಮ ಬಂದು, ನನ್ನ ಕಿವಿಯಿಂದ ಹತ್ತಿ ತೆಗೆದು, ಗಂಟುಮೂಟೆ ಕಟ್ಟಿದಳು. ಅಂದಿನಿಂದ ಊಟದ ಹೊತ್ತಿನಲ್ಲಿ ಅವಳು ಮೆಂಟಲ್ ಕೇಸಿನ ಕಥೆ ಹೇಳುವುದು ನಿಂತಿತು. ಆ ಮೌನದಿಂದಲೇ ನನಗೆ ಗೊತ್ತಾಯಿತು, ನಾನೀಗ ಆ ಕಥೆಗಳ ಪೈಕಿ ಒಬ್ಬಳು ಎಂದು.

ತನ್ನ ಆಸ್ಪತ್ರೆಗೆ ಅವಳು ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಬಳ್ಳಾರಿಯಲ್ಲಿ ಒಂದು ಗಲ್ಲಿಯ ಒಳಗಿದ್ದ ಖಾಸಗಿ ಡಾಕ್ಟರ ಹತ್ತಿರ ಹೋದೆವು. ಅಮ್ಮ ಸೆರಗು ತಲೆ ಮೇಲೆ ಎಳೆದುಕೊಂಡಿದ್ದಳು, ಕದ್ದು ಸಿನಿಮಾಕ್ಕೆ ಬಂದವರ ಹಾಗೆ. ಡಾಕ್ಟರು ಅಮ್ಮನನ್ನು ಕೇಳಿದರು, ಅಮ್ಮ ಹೇಳಿದಳು. ನಿದ್ದಿ ಮಾಡ್ತಾಳೇನು, ಉಣ್ಣತಾಳೇನು, ಒಬ್ಬಾಕೇ ಮಾತಾಡ್ತಾಳೇನು. ನಾನು ಅಲ್ಲೇ, ಕೈಗೆ ಸಿಗುವಷ್ಟು ಹತ್ತಿರ ಕುಳಿತಿದ್ದೆ. ಹಲ್ಲುನೋವಿಗೆ ಹೋದವರನ್ನು ಯಾವ ಹಲ್ಲು ಎಂದಾದರೂ ಕೇಳುತ್ತಾರೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಗುಳಿಗೆಗಳು ಕೆಲಸ ಮಾಡಿದವು, ಅದನ್ನು ಹೇಳಲೇಬೇಕು. ತಿಂಗಳು ಕಳೆಯುವ ಹೊತ್ತಿಗೆ ಮಾತುಗಳು ದೂರ ಸರಿದವು, ಆಮೇಲೆ ನಿಂತವು. ಅಮ್ಮ ಆ ಬಿಳಿ ಗುಳಿಗೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ, ಆಸ್ಪತ್ರೆಯಲ್ಲಿ ಕೊಡುವ ಐರನ್ ಮಾತ್ರೆಯ ಖಾಲಿ ಡಬ್ಬಿಗೆ ಸುರಿದು ಅಡುಗೆಮನೆಯ ಗೂಡಿನಲ್ಲಿಟ್ಟಳು. ಕಾಲೇಜು ಯಾಕೆ ಬಿಟ್ಟಳು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ರಕ್ತ ಭಾಳ ಕಮ್ಮಿ ಆಗೇತ್ರಿ."

ಸುಳ್ಳು ಹೇಳುವವರು ಅದರ ಖರ್ಚನ್ನು ಯೋಚಿಸುವುದಿಲ್ಲ. ನರ್ಸಮ್ಮನ ಮಗಳಿಗೆ ರಕ್ತ ಕಮ್ಮಿ ಎಂದದ್ದೇ ತಡ, ಊರೆಲ್ಲ ನನ್ನ ಮೈಗೆ ರಕ್ತ ತುಂಬಲು ನಿಂತಿತು. ಒಂದು ಮನೆಯಿಂದ ಶೇಂಗಾ ಬೆಲ್ಲದ ಉಂಡಿ, ಇನ್ನೊಂದರಿಂದ ಖರ್ಜೂರ, ಎದುರುಮನೆಯಿಂದ ದಿನ ಬಿಟ್ಟು ದಿನ ಬೀಟ್‌ರೂಟ್ ಪಲ್ಯ. ನಾನು ಒಳ್ಳೆ ಕೆಂಪಗೆ ದಪ್ಪಗೆ ಆಗುತ್ತಾ ಬಂದೆ, ಗುಳಿಗೆಯ ಪರಿಣಾಮ ಬೇರೆ. ಆದರೂ ಬಂದವರೆಲ್ಲ "ಇನ್ನಾ ಬಿಳಚಿಗೊಂಡಾಳ ನೋಡ್ರಿ" ಎಂದು ಲೊಚಗುಟ್ಟುತ್ತಿದ್ದರು.

ಎಲ್ಲರಿಗಿಂತ ಮುಂದೆ ಇದ್ದವರು ಅಮ್ಮನ ಆಸ್ಪತ್ರೆಯ ಹಿರಿಯ ಸಿಸ್ಟರ್. ಅಮ್ಮನಿಗೆ ಕೆಲಸ ಕಲಿಸಿದವರು, ನಮ್ಮ ಮನೆಯ ಎಲ್ಲ ಕಾರ್ಯಕ್ಕೂ ಬಂದವರು. ನಾನು ಅವರನ್ನು ದೊಡ್ಡಮ್ಮ ಎನ್ನುತ್ತೇನೆ. ನನ್ನನ್ನು ಕಂಡಾಗೆಲ್ಲ ಅವರು ಮೊದಲು ಮಾಡುತ್ತಿದ್ದ ಕೆಲಸ, ಹೆಬ್ಬೆರಳಿನಿಂದ ನನ್ನ ಕೆಳರೆಪ್ಪೆ ಎಳೆದು ನೋಡುವುದು. ನೋಡಿ, "ಸುಣ್ಣ ಆಗೇತಿ. ನುಗ್ಗಿಸೊಪ್ಪು ತಿನ್ನಾಕತ್ತೀಯೇನ ಇಲ್ಲ?" ಎಂದು ಬೈಯುವುದು. ಸಾವಿರಾರು ಬಸುರಿಯರ ಕಣ್ಣು ನೋಡಿದ ಕೈ ಅದು. ನನ್ನ ಕಣ್ಣು ಕೆಂಪಗೇ ಇತ್ತು, ಆದರೆ ಅವರಿಗೆ ಪ್ರತಿ ಸಲವೂ ಬೆಳ್ಳಗೆ ಕಂಡಿತು. ಯಾಕೆಂದರೆ ಅಮ್ಮ ಹೇಳಿದ್ದಳು, ಮತ್ತು ನಾನು ಅವರ ಕೂಸು. ಅವರ ಹಿತ್ತಲಿನ ನುಗ್ಗೆ ಮರವನ್ನು ಅರ್ಧಕ್ಕರ್ಧ ನಾನೇ ತಿಂದು ಮುಗಿಸಿರಬೇಕು. ಆ ಸೊಪ್ಪಿನ ಚೀಲ ಅಮ್ಮನ ಬುತ್ತಿಯ ಜೊತೆ ಬರುವಾಗ ನನಗೆ ನಗುವೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ಸಂಕಟಕ್ಕೆ ಕಾರಣವಿದೆ. ಇದೇ ದೊಡ್ಡಮ್ಮ ಆಸ್ಪತ್ರೆಯಲ್ಲಿ ನನ್ನಂಥವರನ್ನು ಹೇಗೆ ನೋಡುತ್ತಿದ್ದರು ಎಂಬುದನ್ನು ನಾನು ಕಂಡಿದ್ದೆ. ಜಿಲ್ಲೆಯಿಂದ ಮನೋರೋಗದ ಡಾಕ್ಟರು ಅಲ್ಲಿಗೆ ಬಂದು ಹೋಗುವ ಒಂದು ದಿನವಿರುತ್ತದೆ. ಅಂಥ ಒಂದು ದಿನ ಅಮ್ಮ ಮರೆತುಹೋದ ಕನ್ನಡಕ ಕೊಡಲು ಹೋಗಿದ್ದೆ. ವರಾಂಡದ ಕೊನೆಯ ಕೋಣೆಯ ಮುಂದೆ ಬೆಂಚು, ಬೆಂಚಿನ ತುಂಬ ಹರೆಯದ ಹುಡುಗ ಹುಡುಗಿಯರು, ಒಬ್ಬೊಬ್ಬರ ಎರಡೂ ಕಡೆ ಮನೆಯವರು ಒತ್ತಿಕೊಂಡು ಕುಳಿತಿದ್ದರು. ಬಾಗಿಲಲ್ಲಿ ದೊಡ್ಡಮ್ಮ. ಹುಡುಗ ಎದುರಿಗೇ ನಿಂತಿದ್ದರೂ ಅವರ ಕಣ್ಣು ಅವನ ತಲೆ ದಾಟಿ ಹಿಂದಿನವರ ಮೇಲೆ ಹೋಗುತ್ತಿತ್ತು. "ಜೊತಿಗೆ ಯಾರ್ ಬಂದಾರ? ಏನ್ ಮಾಡ್ತಾನ ಇವ?" ಅವನು ಬಾಯಿ ತೆರೆದರೆ "ನೀ ಸುಮ್ನಿರೋ, ನಿನ್ನ ಕೇಳಿಲ್ಲ." ಜೊತೆಗೆ ಯಾರೂ ಬಾರದವರನ್ನು ಒಳಗೇ ಬಿಡುತ್ತಿರಲಿಲ್ಲ. ಬಡಿದರೆ, ಓಡಿದರೆ, ಯಾರು ಜವಾಬ್ದಾರಿ ಎಂಬುದು ಅವರ ಭಯ. ಭಯ ಸುಳ್ಳೇನಲ್ಲ, ಒಮ್ಮೆ ಒಬ್ಬ ಕಿಟಕಿ ಗಾಜು ಒಡೆದಿದ್ದನಂತೆ. ಆ ಒಬ್ಬನ ಗಾಜಿನ ದಂಡವನ್ನು ಉಳಿದವರೆಲ್ಲ ಕಟ್ಟುತ್ತಿದ್ದರು.

ಕನ್ನಡಕ ಕೊಟ್ಟು ಹೊರಬರುವಾಗ ಅದೇ ದೊಡ್ಡಮ್ಮ ನನ್ನ ರೆಪ್ಪೆ ಎಳೆದು ನೋಡಿ, ಕೆನ್ನೆ ಸವರಿ, ತಮ್ಮ ಡಬ್ಬಿಯ ಉಂಡಿ ಬಾಯಿಗಿಟ್ಟರು. ಉಂಡಿ ಸಿಹಿಯಾಗಿಯೇ ಇತ್ತು. ಈ ಪ್ರೀತಿ ಐರನ್ ಡಬ್ಬಿಯ ಹೆಸರಿಗೆ ಬಂದದ್ದು, ಒಳಗಿನ ಗುಳಿಗೆಗೆ ಬಂದದ್ದಲ್ಲ ಎಂದು ನನಗೆ ತಿಳಿದಿತ್ತು.

ಕೆಲವು ವರ್ಷ ಮನೆಯಲ್ಲಿ ಕುಳಿತು ತಿಂದು ಸಾಕಾಯಿತು. ಜಗಳವಾಡಿ ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸಕ್ಕೆ ಸೇರಿದೆ. ಮೊದಲು ದಾರ ಕತ್ತರಿಸುವುದು, ಆಮೇಲೆ ಹಿಂಜೇಬು ಹಚ್ಚುವ ಮಷಿನ್ನು. ಆ ಕೆಲಸ ನನಗೆ ಎಷ್ಟು ಹಿಡಿಸಿತೆಂದರೆ, ಬೀದಿಯಲ್ಲಿ ಯಾರದೇ ಪ್ಯಾಂಟು ಕಂಡರೂ ಜೇಬಿನ ಮೂಲೆ ನೋಡುತ್ತಿದ್ದೆ. ಮಷಿನ್ನಿನ ಸದ್ದಿನಲ್ಲಿ ತಲೆಯೊಳಗೆ ಬೇರೆ ಯಾವ ಸದ್ದಿಗೂ ಜಾಗವಿರಲಿಲ್ಲ. ಅಲ್ಲಿ ನಾನು ಯಾರ ಕೂಸೂ ಅಲ್ಲ, ಕೇಸೂ ಅಲ್ಲ, ಜೇಬು ಹಚ್ಚುವವಳು. ಹಬ್ಬಕ್ಕೆ ಅಪ್ಪನಿಗೆ ಅಂಗಿ ಬಟ್ಟೆ ತಂದೆ. ಆ ದಿನ ನಾನು ಗೆದ್ದೆ ಅನ್ನಿಸಿತ್ತು.

ಮಳೆಗಾಲದಲ್ಲಿ ಎರಡು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಅಮ್ಮ ಹೆದರಿ ಡಾಕ್ಟರಿಗೆ ಫೋನು ಮಾಡಿದಳು, ಗುಳಿಗೆ ಬದಲಾಯಿತು. ನಿದ್ದೆ ಬಂತು. ಆದರೆ ಹೊಸ ಗುಳಿಗೆ ಶುರುವಾದ ಕೆಲವೇ ದಿನಕ್ಕೆ ನನ್ನ ಕಾಲು ನನ್ನ ಮಾತು ಕೇಳುವುದನ್ನು ಬಿಟ್ಟವು.

ನೋವಲ್ಲ, ಜೋಮು ಅಲ್ಲ. ಮೊಳಕಾಲಿನಿಂದ ಕೆಳಗೆ ಒಳಗೊಳಗೇ ಯಾರೋ ಎಳೆದಾಡಿದಂತೆ, ಎದ್ದು ನಡೆ ಎಂದು ಒಂದೇ ಸಮನೆ ಪೀಡಿಸಿದಂತೆ. ಕುಳಿತರೆ ಎದ್ದೇಳಬೇಕು, ಎದ್ದರೆ ನಡೆಯಬೇಕು, ನಡೆದರೂ ಸಮಾಧಾನವಿಲ್ಲ, ಆದರೆ ನಿಂತರೆ ಇನ್ನೂ ಕಷ್ಟ. ತುತ್ತು ಬಾಯಿಗಿಟ್ಟುಕೊಂಡು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ. ಮನಸ್ಸು ಸ್ಪಷ್ಟವಾಗಿತ್ತು. ಯಾವ ಮಾತೂ ಕೇಳಿಸುತ್ತಿರಲಿಲ್ಲ. ಮನಸ್ಸು ಸರಿಯಿದ್ದು ಕಾಲಿಗೆ ಹುಚ್ಚು ಹಿಡಿದಿತ್ತು ಎನ್ನಬಹುದು. ಅದು ಎಂಥ ಹಿಂಸೆ ಎಂದು ಹೇಳಲು ಹೋದರೆ ಈಗಲೂ ಕುರ್ಚಿ ಬಿಟ್ಟು ಏಳುವಂತಾಗುತ್ತದೆ.

ಜೀನ್ಸ್ ಹೊಲಿಯುವ ಮಷಿನ್ನು ಕರೆಂಟಿನದು. ಪೆಡಲಿನ ಮೇಲೆ ಕಾಲು ಸ್ವಲ್ಪ ಒತ್ತಿದರೂ ಸೂಜಿ ಓಡುತ್ತದೆ. ನನ್ನ ಕಾಲು ತಾನಾಗಿ ಒತ್ತುತ್ತಿತ್ತು, ಸೂಜಿ ಗೆರೆ ಬಿಟ್ಟು ಓಡುತ್ತಿತ್ತು. ಜೇಬುಗಳು ಸೊಟ್ಟಗಾದವು. ಬಿಚ್ಚಿ ಮತ್ತೆ ಹೊಲಿದೆ, ಮತ್ತೆ ಸೊಟ್ಟ. ನೀರು ಕುಡಿಯುವ ನೆಪ, ಬಾತ್‌ರೂಮಿನ ನೆಪ ಎಲ್ಲ ಖರ್ಚಾದವು. ಮೇಸ್ತ್ರಿ ಒಳ್ಳೆಯವನೇ. "ಏನಮ್ಮಾ, ಕೂತಲ್ಲಿ ಕೂಡಂಗಿಲ್ಲಲ್ಲ ನೀನು. ಈ ವಾರ ನೋಡ್ತೀನಿ. ಸರಿ ಆಗ್ಲಿಲ್ಲಂದ್ರ ಆ ಮಷಿನ್ ಬ್ಯಾರೇರಿಗೆ ಕೊಡಬೇಕಾಕೈತಿ," ಎಂದ. ಜಗತ್ತಿನಲ್ಲಿ ನನ್ನದು ಅಂತ ಇದ್ದದ್ದು ಆ ಮಷಿನ್ನೊಂದೇ.

ಅಮ್ಮನಿಗೆ ಹೇಳಿದೆ. "ಅಮ್ಮ, ಇದು ಕಾಲು. ತಲೀ ಅಲ್ಲ." ಅವಳು ನನ್ನ ಮುಖ ನೋಡಲಿಲ್ಲ, ಓಡಾಟ ನೋಡಿದಳು. ಇಂಥ ಓಡಾಟವನ್ನು ಅವಳು ಆಸ್ಪತ್ರೆಯಲ್ಲಿ ಎಷ್ಟೋ ಸಲ ಕಂಡಿದ್ದಳು, ಅಲ್ಲಿ ಅದಕ್ಕೆ ಒಂದೇ ಅರ್ಥ. "ಒಂದ್ ಕಡೆ ಕುಂದ್ರು. ಕುಂದ್ರಲೇ," ಎಂದಳು. ಆಮೇಲೆ ಹಿತ್ತಲಿಗೆ ಹೋಗಿ ಡಾಕ್ಟರಿಗೆ ಫೋನು ಮಾಡಿದ್ದು ನನಗೆ ಕೇಳಿಸಿತು. "ಮತ್ತ ಶುರು ಆಗೇತ್ರಿ ಸರ್. ನಿಂತಲ್ಲಿ ನಿಲ್ಲವಲ್ಲಳು." ಆ ಕಡೆಯಿಂದ ಏನು ಬಂತೋ, ಅರ್ಧ ಕೊಡುತ್ತಿದ್ದ ಗುಳಿಗೆ ಒಂದಾಯಿತು. ಓಡಾಟವೂ ಜಾಸ್ತಿಯಾಯಿತು. ಅದನ್ನು ಕಂಡು ಅಮ್ಮನಿಗೆ ತನ್ನ ಊಹೆಯೇ ಸರಿ ಅನ್ನಿಸಿತು. ನಾನು ಹೆಚ್ಚು ಹೇಳಿದಷ್ಟೂ ಹೆಚ್ಚು ಹುಚ್ಚಿಯಾಗುತ್ತಿದ್ದೆ. ಇದಕ್ಕಿಂತ ದೊಡ್ಡ ಬೋನು ನಾನು ಕಂಡಿಲ್ಲ.

ನಡೆಯಲು ಯಾರೂ ಕೇಳದ ಒಂದು ಜಾಗ ಬೇಕಿತ್ತು. ನಮ್ಮೂರಿನ ಬಸವಣ್ಣನ ಗುಡಿ ನೆನಪಾಯಿತು. ಗುಡಿಗೆ ಸುತ್ತು ಹಾಕುವವರನ್ನು ಯಾರೂ ಕುಂದ್ರು ಎನ್ನುವುದಿಲ್ಲ. ಬೆಳಿಗ್ಗೆ ಬಸ್ಸಿಗೆ ಮೊದಲು, ಸಂಜೆ ಬಸ್ಸಿಳಿದ ಮೇಲೆ ಸುತ್ತಿದ್ದೇ ಸುತ್ತಿದ್ದು. ಕಟ್ಟೆಯ ಮೇಲಿನ ಹೆಂಗಸರು "ರಕ್ತ ಕಮ್ಮಿ ಇದ್ರೂ ಹರಕಿ ಬಿಟ್ಟಿಲ್ಲ ನೋಡು ಹುಡುಗಿ" ಎಂದು ಮೆಚ್ಚಿಕೊಂಡರು. ನಾನು ಬಸವಣ್ಣನಿಗೆ ಕೈ ಮುಗಿಯಲೂ ನಿಲ್ಲುತ್ತಿರಲಿಲ್ಲ. ನಡೆಯುತ್ತಲೇ ಒಂದು ಕೈ ಎತ್ತಿ ಹೋಗುತ್ತಿದ್ದೆ. ಅವನು ತಪ್ಪು ತಿಳಿದಿರಲಿಕ್ಕಿಲ್ಲ.

ಬಳ್ಳಾರಿಯ ಡಾಕ್ಟರಿಗೆ ನಾನೇ ಹೇಳುತ್ತೇನೆ ಎಂದು ಒಂದು ಮಧ್ಯಾಹ್ನ ಕೆಲಸದ ನಡುವೆ ಒಬ್ಬಳೇ ಹೋದೆ. ಬಾಗಿಲಲ್ಲಿ ಕುಳಿತ ಹುಡುಗಿ ನನಗಿಂತ ಚಿಕ್ಕವಳು. "ಜೊತಿಗೆ ಯಾರ್ ಬಂದಾರ?" ಎಂದಳು. ಯಾರೂ ಇಲ್ಲ ಎಂದೆ. "ಅಮ್ಮನ್ನ ಕರ್ಕೊಂಡು ಬರ್ರಿ. ಪೇಶೆಂಟ್ ಒಬ್ರನ್ನೇ ಸರ್ ನೋಡಂಗಿಲ್ಲ." ಪೇಶೆಂಟನ್ನು ನೋಡದ ಡಾಕ್ಟರು ಇನ್ಯಾರನ್ನು ನೋಡುತ್ತಾರೆ ಎಂದು ಕೇಳಿದೆ. ನನ್ನ ದನಿ ಏರಿತ್ತು. ಅವಳು ಹೆದರಿ ಕುರ್ಚಿ ಹಿಂದಕ್ಕೆ ಸರಿಸಿದಳು, ಅಮ್ಮನಿಗೆ ಫೋನು ಮಾಡಿದಳು. ಆ ಸಂಜೆ ಮನೆಯಲ್ಲಿ ಅಮ್ಮ ಅತ್ತಳು. ನಾನು ಅಳಲಿಲ್ಲ, ಅಳಲು ಒಂದು ಕಡೆ ನಿಲ್ಲಬೇಕಲ್ಲ.

ಪಕ್ಕದ ಮಷಿನ್ನಿನವಳು ಸಿರುಗುಪ್ಪ ಕಡೆಯವಳು. ನನ್ನ ಕಾಲನ್ನು ಸುಮ್ಮನೆ ನೋಡುತ್ತಿದ್ದವಳು ಒಂದು ದಿನ ಊಟದ ಹೊತ್ತಿಗೆ ನನ್ನ ಜೊತೆ ಅಂಗಳದಲ್ಲಿ ನಡೆಯುತ್ತಾ ಹೇಳಿದಳು, "ನಮ್ಮ ತಮ್ಮಗೂ ಹಿಂಗಾ ಆಗಿತ್ತು. ಜಿಲ್ಲಾದಿಂದ ಬರ್ತಾಳಲ್ಲ ಡಾಕ್ಟರಮ್ಮ, ಅಕಿ ಅವನ್ನ ಮಾತಾಡ್ಸಿ ಕೇಳಿದ್ಲು. ಗುಳಿಗಿ ಬದಲಿ ಮಾಡಿದ್ಲು." ಯಾವ ಆಸ್ಪತ್ರೆ ಎಂದು ಕೇಳಿದೆ. ಅವಳು ಹೇಳಿದ್ದು ಅಮ್ಮನ ಆಸ್ಪತ್ರೆಯ ಹೆಸರು.

ಮೂರು ದಿನ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಯೋಚಿಸಲು ಪುರುಸೊತ್ತಿರಲಿಲ್ಲ. ಡಾಕ್ಟರಮ್ಮ ಬರುವ ದಿನ ಅಮ್ಮ ಮೊದಲ ಬಸ್ಸಿಗೆ ಹೋದಳು, ನಾನು ಅದರ ಮುಂದಿನ ಬಸ್ಸಿಗೆ ಹೋದೆ. ಹೆಂಗಸರಿಗೆ ಪುಕ್ಕಟೆ ಬಸ್ಸು, ಆದರೂ ಬೆಳಿಗ್ಗೆ ಹೊತ್ತು ಸೀಟು ಖಾಲಿ ಇದ್ದವು. ಕಂಡಕ್ಟರು ಕೈಗೆ ಚೀಟಿ ಕೊಟ್ಟು "ಇಷ್ಟ್ ಜಾಗ ಐತಿ, ಕುಂದ್ರವ್ವ" ಎಂದರು. ಬಾಗಿಲ ಕಂಬ ಹಿಡಿದು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ ಪೂರ್ತಿ ದಾರಿ ನಿಂತೆ. ಹೊರಗೆ ಬತ್ತದ ಗದ್ದೆ, ಕಾಲುವೆ, ಮತ್ತೆ ಗದ್ದೆ. ಅಮ್ಮ ಇಷ್ಟು ವರ್ಷ ಕಟ್ಟಿದ ಗೋಡೆಗೆ ನಾನು ಕೈ ಹಾಕಲು ಹೊರಟಿದ್ದೆ. ಕೈ ಹಾಕದಿದ್ದರೆ ಮಷಿನ್ನು ಹೋಗುತ್ತದೆ, ಆಮೇಲೆ ಮತ್ತೆ ಆ ಪಡಸಾಲೆ, ಆ ಡಬ್ಬಿ, ಒಂದರಿಂದ ಎರಡಾಗುವ ಗುಳಿಗೆ.

ವರಾಂಡದ ಕೊನೆಯ ಕೋಣೆ, ಅದೇ ಬೆಂಚು, ಬಾಗಿಲಲ್ಲಿ ಅದೇ ದೊಡ್ಡಮ್ಮ. ನನ್ನನ್ನು ಕಂಡು ಅವರ ಮುಖ ಅರಳಿತು. "ಬಾ ನನ್ನ ಕೂಸ. ನಿಮ್ಮಮ್ಮ ಇಂಜೆಕ್ಷನ್ ರೂಮಿನ್ಯಾಗ ಅದಾಳ." ಹೇಳುತ್ತಲೇ ಹೆಬ್ಬೆರಳು ರೆಪ್ಪೆಗೆ ಬಂತು. "ಸುಣ್ಣ, ಸುಣ್ಣ. ಏನ್ ತಿಂತೀಯವ್ವ ನೀನು?"

"ದೊಡ್ಡಮ್ಮ, ನಾ ಇಲ್ಲೇ ತೋರ್ಸಾಕ ಬಂದೀನಿ," ಎಂದೆ.

"ಇದು ರಕ್ತಕ್ಕ ನೋಡೋ ರೂಮ್ ಅಲ್ಲವ್ವ. ಇಲ್ಲಿ ತಲೀ ಕೆಟ್ಟೋರು ಬರ್ತಾರ."

"ಗೊತ್ತೈತಿ. ನಾನು ಅದಕ್ಕ ಬಂದೀನಿ. ಭಾಳ ವರ್ಷ ಆತು, ಗುಳಿಗಿ ತಗೊಳ್ಳಾಕತ್ತೀನಿ."

ಹೆಬ್ಬೆರಳು ಇನ್ನೂ ನನ್ನ ಕೆನ್ನೆಯ ಮೇಲಿತ್ತು. ಅದು ಮೆಲ್ಲಗೆ ಕೆಳಗಿಳಿಯಿತು. ಅವರು ಕೈಯನ್ನು ಸೆರಗಿಗೆ ಒರೆಸಿಕೊಳ್ಳಲಿಲ್ಲ, ಅಷ್ಟು ಕೆಟ್ಟವರಲ್ಲ. ಆದರೆ ಅವರ ಕಣ್ಣು ನನ್ನಿಂದ ಎದ್ದು ನನ್ನ ಭುಜದ ಮೇಲಿಂದ ಹಿಂದಕ್ಕೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಹುಟ್ಟಿದಾಗಿನಿಂದ ನನ್ನನ್ನು ಕಂಡ ಆ ಹೆಂಗಸು ಆ ಖಾಲಿ ಜಾಗವನ್ನು ನೋಡುತ್ತಾ, ಬಾಗಿಲಲ್ಲಿ ಎಲ್ಲರೊಡನೆ ಬಳಸುವ ದನಿಯಲ್ಲಿ ಕೇಳಿದರು, "ಜೊತಿಗೆ ಯಾರ್ ಬಂದಾರ?"

"ಯಾರೂ ಬಂದಿಲ್ಲ."

"ಜೊತಿಯಾಗ ಯಾರಾದ್ರೂ ಇಲ್ದ ಒಳಗ ಬಿಡಂಗಿಲ್ಲ. ಆ ಕಡೆ ಕುಂದ್ರು."

ನಾನು ಇದನ್ನು ಎಷ್ಟೋ ಸಲ ಮನಸ್ಸಿನಲ್ಲಿ ಕಲ್ಪಿಸಿಕೊಂಡಿದ್ದೆ. ಆದರೂ ಅದು ನಿಜಕ್ಕೂ ನಡೆದಾಗ ಎದೆ ಒಡೆಯಿತು. ಕುಳಿತುಕೊಳ್ಳಲಿಲ್ಲ. ಬೆಂಚಿನ ಈ ತುದಿಯಿಂದ ನೀರಿನ ಟ್ಯಾಂಕಿನವರೆಗೆ, ಟ್ಯಾಂಕಿನಿಂದ ಬೆಂಚಿನವರೆಗೆ ನಡೆಯತೊಡಗಿದೆ. ಬೆಂಚಿನವರು ಕಾಲು ಒಳಗೆ ಎಳೆದುಕೊಂಡರು. ಒಬ್ಬಾಕೆ ತನ್ನ ಮಗನ ಕೈಯನ್ನು ಇನ್ನಷ್ಟು ಬಿಗಿ ಹಿಡಿದಳು, ನನ್ನದು ಅವನಿಗೆ ಹತ್ತುತ್ತದೆ ಎನ್ನುವ ಹಾಗೆ.

ಅಷ್ಟರಲ್ಲಿ ಎದುರಿನ ಇಂಜೆಕ್ಷನ್ ಕೋಣೆಯಿಂದ ಅಮ್ಮ ಟ್ರೇ ಹಿಡಿದು ಹೊರಬಂದಳು. ನನ್ನನ್ನು ಕಂಡಳು, ನಾನು ನಡೆಯುವುದನ್ನು ಕಂಡಳು, ಯಾವ ಬಾಗಿಲ ಮುಂದೆ ಎಂಬುದನ್ನೂ ಕಂಡಳು. ದೊಡ್ಡಮ್ಮ ಅವಳನ್ನೇ ನೋಡುತ್ತಿದ್ದರು. ಅಮ್ಮ ತಿರುಗಿ ಕೋಣೆಯೊಳಗೆ ಹೋದಳು. ಬಾಗಿಲು ಮುಚ್ಚಿತು.

ಆ ಮುಚ್ಚಿದ ಬಾಗಿಲನ್ನು ನೋಡುತ್ತಾ ನಡೆದ ನಡಿಗೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಸಿಟ್ಟು ಬಂತು, ಆಮೇಲೆ ಸಿಟ್ಟೂ ಹೋಯಿತು. ಹೋಗಲಿ ಬಿಡು, ಅವಳಿಗೂ ಇಲ್ಲಿ ನಾಳೆ ಮುಖ ತೋರಿಸಬೇಕು ಎಂದುಕೊಂಡೆ. ಗೇಟಿನ ಕಡೆ ಹೊರಟೂಬಿಟ್ಟೆ. ಕಾಲು ಹೇಗೂ ಸಿದ್ಧವಾಗಿದ್ದವು.

ಹಿಂದಿನಿಂದ ಚಪ್ಪಲಿಯ ಸದ್ದು ಬಂತು. ಅಮ್ಮನ ಕೈಯಲ್ಲಿ ಟ್ರೇ ಇರಲಿಲ್ಲ. ಅವಳು ನನ್ನ ಕೈ ಹಿಡಿದು ನಿಲ್ಲಿಸಲಿಲ್ಲ. ನನ್ನ ಪಕ್ಕಕ್ಕೆ ಬಂದು, ನನ್ನ ವೇಗಕ್ಕೆ ತನ್ನ ವೇಗ ಕೂಡಿಸಿಕೊಂಡಳು. ಇಬ್ಬರೂ ಗೇಟಿನ ಹತ್ತಿರ ತಿರುಗಿ ವರಾಂಡಕ್ಕೆ ಬಂದೆವು, ವರಾಂಡದ ಕೊನೆಗೆ ಹೋಗಿ ಮತ್ತೆ ತಿರುಗಿದೆವು. ಬಿಳಿ ಕೋಟಿನ ನರ್ಸು ಹೀಗೆ ಅಡ್ಡಾಡುವುದನ್ನು ಬೆಂಚಿನವರೆಲ್ಲ ಬಾಯಿ ಬಿಟ್ಟು ನೋಡಿದರು.

"ನೀ ಯಾಕ ಅಕಿ ಹಿಂದ ಅಡ್ಡಾಡಾಕತ್ತಿ? ಅಕಿನ್ನ ಒಂದ್ ಕಡೆ ಕುಂದ್ರಸು," ಎಂದರು ದೊಡ್ಡಮ್ಮ.

"ಅಕಿಗೆ ಕುಂದ್ರಾಕ ಆಗಂಗಿಲ್ಲಕ್ಕ," ಎಂದಳು ಅಮ್ಮ. ನಡೆಯುತ್ತಲೇ ಹೇಳಿದ್ದರಿಂದ ಉಸಿರು ಸಿಕ್ಕಿಕೊಳ್ಳುತ್ತಿತ್ತು. "ಜೊತಿಗೆ ಯಾರಂತ ಕೇಳ್ತೀಯಲ್ಲ. ನಾನ ಬಂದೀನಿ."

ಒಳಗೆ ಡಾಕ್ಟರಮ್ಮ ಮೊದಲು ಅಮ್ಮನ ಬಿಳಿ ಕೋಟು ನೋಡಿದರು, ಆಮೇಲೆ ನನ್ನ ಕಾಲು ನೋಡಿದರು. "ಯಾವಾಗಿಂದ ಹಿಂಗ?" ಎಂದರು. ಅಮ್ಮ ರೂಢಿಯಂತೆ ಬಾಯಿ ತೆರೆದಳು, "ಅದು ಮೇಡಂ, ಮಳೆಗಾಲದಾಗ..." ಎಂದವಳು ಅಷ್ಟಕ್ಕೇ ನಿಲ್ಲಿಸಿದಳು. "ಅಕಿನ್ನ ಕೇಳ್ರಿ," ಎಂದಳು. "ನನಗ ಗೊತ್ತಿಲ್ಲ."

ಹತ್ತೊಂಬತ್ತನೇ ವಯಸ್ಸಿನಿಂದ ಡಾಕ್ಟರ ಕೋಣೆಯಲ್ಲಿ ಕುಳಿತವಳು ನಾನು. ನನ್ನ ಮೈಯ ಬಗ್ಗೆ ನಾನೇ ಹೇಳಿದ್ದು ಅದೇ ಮೊದಲು. ಮೊಳಕಾಲಿನ ಎಳೆತ ಹೇಳಿದೆ, ಪೆಡಲು ಹೇಳಿದೆ, ಸೊಟ್ಟ ಜೇಬು ಹೇಳಿದೆ, ಗುಡಿಯ ಸುತ್ತು ಹೇಳಿದೆ. ಮಾತು ಕೇಳಿಸ್ತಾವೇನು ಎಂದು ಕೇಳಿದರು, ಇಲ್ಲ ಎಂದೆ. ಅವರು ನಂಬಿದರು. ಇದು ಕಾಯಿಲೆ ಅಲ್ಲ, ಗುಳಿಗೆ ಮಾಡಿದ್ದು, ಕೆಲವರಿಗೆ ಹೀಗಾಗುತ್ತದೆ, ಬದಲಿಸಿದರೆ ಇಳಿಯುತ್ತದೆ ಎಂದರು. ಎರಡು ಮೂರು ಸರಳ ವಾಕ್ಯ, ಅಷ್ಟೇ. ಅಮ್ಮ ಗೋಡೆಗೆ ಒರಗಿ ನಿಂತಿದ್ದಳು. ಏರಿಸಿದ ಗುಳಿಗೆ ಅವಳ ಕಣ್ಣ ಮುಂದೆ ಬಂದಿರಬೇಕು. ನಾನು ಅವಳ ಕಡೆ ನೋಡಲಿಲ್ಲ, ನೋಡಿದ್ದರೆ ಇಬ್ಬರೂ ಅಳುತ್ತಿದ್ದೆವು.

ಹೊರಗೆ ಬಂದಾಗ ದೊಡ್ಡಮ್ಮ ಬಾಗಿಲು ಬಿಟ್ಟು ನಮ್ಮ ಹತ್ತಿರ ಬಂದರು. ನನ್ನ ಮುಖವನ್ನು ನೋಡಿದರು, ಈ ಸಲ ಭುಜದಾಚೆಗೆ ಅಲ್ಲ. ಅಭ್ಯಾಸಬಲದಿಂದ ಕೈ ನನ್ನ ರೆಪ್ಪೆಯ ಕಡೆ ಏರಿತು, ಅರ್ಧಕ್ಕೆ ನಿಂತಿತು. ಮುಂದಕ್ಕೆ ಬರಬೇಕೋ ಹಿಂದಕ್ಕೆ ಹೋಗಬೇಕೋ ಆ ಕೈಗೆ ತಿಳಿಯಲಿಲ್ಲ.

"ಮತ್ತ ಇಷ್ಟ್ ವರ್ಷ..." ಎಂದರು. "ರಕ್ತ?"

ಬೆಂಚಿನವರು ಕೇಳುತ್ತಿದ್ದರು. ಔಷಧಿ ಕೊಡುವ ಕಿಟಕಿಯಿಂದಲೂ ಯಾರೋ ಇಣುಕುತ್ತಿದ್ದರು. ಅಮ್ಮ ದನಿ ತಗ್ಗಿಸಲಿಲ್ಲ.

"ರಕ್ತ ಚಲೋ ಐತಕ್ಕ. ಅಕಿಗೆ ರಕ್ತ ಎಂದೂ ಕಮ್ಮಿ ಇದ್ದಿಲ್ಲ."

ನನ್ನ ಕಾಲು ಆಗಲೇ ಹೊರಟಿದ್ದವು. ಅಮ್ಮ ಅದನ್ನು ನೋಡಿದಳು. ಕೋಟಿನ ಕಿಸೆಯಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, "ನಡಿ, ಇನ್ನೊಂದ್ ಸುತ್ತು ಹೋಗಿ ಬರೋಣು," ಎಂದಳು.